ಸೆಷನ್ ಪೆಟ್ಟಿಗೆಗೆ ಏನು ಹಾಕಬೇಕು?

2003ರ ಸುಮಾರಿಗೆ ಪುಸ್ತಕ ಮಾರುವ ಒಂದು ಜಾಲತಾಣಕ್ಕೆ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಭಾಷೆ ಪಿಎಚ್‌ಪಿ, ಅದರ ನಾಲ್ಕನೆಯ ಆವೃತ್ತಿ. ಓದುಗರು ಒಂದೊಂದೇ ಪುಸ್ತಕ ಆರಿಸಿ ಬುಟ್ಟಿಗೆ ಹಾಕಬೇಕು, ಕೊನೆಯ ಪುಟದಲ್ಲಿ ಒಟ್ಟು ಬೆಲೆ ಕಾಣಬೇಕು. ಅದಕ್ಕಾಗಿ 'ಬುಟ್ಟಿ' ಎಂಬ ಕ್ಲಾಸ್, ಅಂದರೆ ಬುಟ್ಟಿಯ ಅಚ್ಚು, ಬರೆದೆ. ಪುಸ್ತಕ ಸೇರಿಸುವುದು, ತೆಗೆಯುವುದು, ಒಟ್ಟು ಕೂಡುವುದು, ಈ ಮೂರು ಕೆಲಸ ಅದಕ್ಕೆ ಗೊತ್ತಿತ್ತು. ಒಂದು ಪುಟದಲ್ಲಿ ಆ ಅಚ್ಚಿನಿಂದ ಒಂದು ಬುಟ್ಟಿ, ಅಂದರೆ ಆಬ್ಜೆಕ್ಟ್, ಸೃಷ್ಟಿಸಿ, ಮೂರು ಪುಸ್ತಕ ಹಾಕಿ, ಪುಟದಿಂದ ಪುಟಕ್ಕೆ ಮಾಹಿತಿ ಉಳಿಸುವ ಸೆಷನ್‌ನಲ್ಲಿ ಇಟ್ಟೆ. ಮುಂದಿನ ಪುಟದಲ್ಲಿ ಹೊರತೆಗೆದೆ. ಪುಸ್ತಕದ ಹೆಸರುಗಳೆಲ್ಲ ಒಳಗೇ ಇದ್ದವು. ಆದರೆ ಒಟ್ಟು ಎಷ್ಟು ಎಂದು ಕೇಳಿದರೆ ಬುಟ್ಟಿ ಉತ್ತರಿಸಲಿಲ್ಲ. ನೀವು ಕರೆಯುತ್ತಿರುವುದು ಅಪೂರ್ಣ ಆಬ್ಜೆಕ್ಟ್ ಎಂಬ ದೂರು ಪರದೆಯ ಮೇಲೆ ಬಂತು.

ಎರಡು ದಿನ ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಎರಡನೆಯ ಪುಟದ ಮೊದಲ ಸಾಲಿನಲ್ಲಿ ಸೆಷನ್ ತೆರೆದಿದ್ದೆ, ಬುಟ್ಟಿಯ ಕ್ಲಾಸ್ ಇರುವ ಕಡತವನ್ನು ನಾಲ್ಕನೆಯ ಸಾಲಿನಲ್ಲಿ ಸೇರಿಸಿದ್ದೆ. ಸಾಲುಗಳನ್ನು ಅದಲುಬದಲು ಮಾಡಿದೆ. ಬುಟ್ಟಿ ಮಾತಾಡಿತು.

ಸಾಲಿನ ಕ್ರಮ ಬದಲಾದರೆ ಒಂದು ವಸ್ತು ಬದುಕುವುದು, ಇನ್ನೊಂದು ಕ್ರಮದಲ್ಲಿ ಅದೇ ವಸ್ತು ಸತ್ತಂತಿರುವುದು ಏಕೆ? ಅಂದು ಕೆಲಸ ಮುಗಿದ ಸಮಾಧಾನದಲ್ಲಿ ಈ ಪ್ರಶ್ನೆಯನ್ನು ನಾನು ಪೂರ್ತಿ ಕೇಳಿಕೊಳ್ಳಲಿಲ್ಲ. ಆಮೇಲೆ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ಹೆಸರಿನ ತಪ್ಪುಗಳಾಗಿ ಅದು ಮತ್ತೆ ಮತ್ತೆ ಎದುರಾಯಿತು. ಸೆಷನ್‌ನಲ್ಲಿ ಆಬ್ಜೆಕ್ಟ್ ಇಡುವುದೆಂದರೆ ನಿಜಕ್ಕೂ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲದೆ ಅದನ್ನು ಬಳಸುವವರೇ ಹೆಚ್ಚು. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಮೊದಲು ಸೆಷನ್ ಏಕೆ ಬೇಕಾಯಿತು ಎಂಬುದನ್ನು ನೋಡೋಣ. ಜಿನೀವಾ ಹತ್ತಿರದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ ರೂಪಿಸಿದ್ದು ಸಂಶೋಧಕರು ಪರಸ್ಪರರ ದಾಖಲೆಗಳನ್ನು ಓದಲಿ ಎಂದು. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಲೆಕ್ಕ ಚುಕ್ತಾ. ಅದೇ ಬ್ರೌಸರ್ ಮರುಕ್ಷಣವೇ ಇನ್ನೊಂದು ಪುಟ ಕೇಳಿದರೂ ಸರ್ವರ್ ಪಾಲಿಗೆ ಅದು ಅಪರಿಚಿತ. ಎಚ್‌ಟಿಟಿಪಿ ಎಂಬ ಈ ಒಪ್ಪಂದಕ್ಕೆ ನೆನಪೇ ಇಲ್ಲ. ಇದು ಕೊರತೆಯಲ್ಲ, ದೊಡ್ಡ ಅನುಕೂಲ. ಯಾರನ್ನೂ ನೆನಪಿಡಬೇಕಿಲ್ಲದ ಸರ್ವರ್ ಲಕ್ಷಾಂತರ ಜನಕ್ಕೆ ಉತ್ತರ ಕೊಡಬಲ್ಲದು. ಒಂದು ಸರ್ವರ್ ಕೆಟ್ಟರೆ ಪಕ್ಕದ್ದು ಮುಂದುವರಿಸಬಲ್ಲದು.

ಆದರೆ ವೆಬ್‌ಗೆ ಅಂಗಡಿಗಳು ಬಂದವು. ಬುಟ್ಟಿ ಯಾರದ್ದು ಎಂದು ಗೊತ್ತಿಲ್ಲದೆ ವ್ಯಾಪಾರ ನಡೆಯುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ಪ್ರೋಗ್ರಾಮರ್ ಇದಕ್ಕೆ ಕುಕಿ ಎಂಬ ಉಪಾಯ ಕಂಡುಹಿಡಿದರು. ನೆಟ್‌ಸ್ಕೇಪ್‌ನ ಗ್ರಾಹಕ ಎಂಸಿಐ ಕಂಪನಿಗೆ ಅರ್ಧಂಬರ್ಧ ವ್ಯವಹಾರದ ವಿವರಗಳನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವ ಹೊರೆ ಬೇಡವಾಗಿತ್ತು. ಆ ವಿವರಗಳನ್ನು ಗ್ರಾಹಕರ ಬ್ರೌಸರಿಗೇ ಕೊಟ್ಟು, ಪ್ರತಿ ಸಲ ಬರುವಾಗ ಅವರೇ ತಂದು ತೋರಿಸಲಿ ಎಂಬುದು ಯೋಚನೆ. ಕೆಲವೇ ವರ್ಷಗಳಲ್ಲಿ ಬಳಕೆ ತಿರುವುಮುರುವಾಯಿತು. ವಿವರ ಸರ್ವರ್‌ನಲ್ಲೇ ಉಳಿಯಿತು, ಕುಕಿಯಲ್ಲಿ ಒಂದು ಗುರುತು ಸಂಖ್ಯೆ ಮಾತ್ರ ಹೋಗತೊಡಗಿತು. ಇದೇ ಇಂದಿನ ಸೆಷನ್.

ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಜಾಗವನ್ನು ನೆನಪಿಸಿಕೊಳ್ಳಿ. ಚಪ್ಪಲಿ ಕೊಟ್ಟರೆ ಅಲ್ಲಿಯವರು ಸಂಖ್ಯೆ ಇರುವ ಟೋಕನ್ ಕೊಡುತ್ತಾರೆ. ಟೋಕನ್ ಜೇಬಿನಲ್ಲಿ, ಚಪ್ಪಲಿ ಹಲಗೆಯ ಮೇಲೆ. ತಿರುಗಿ ಬಂದಾಗ ಟೋಕನ್ ತೋರಿಸಿದರೆ ಆ ಗೂಡಿನಲ್ಲಿರುವುದು ನಿಮ್ಮ ಕೈಗೆ ಬರುತ್ತದೆ. ನೀವು ಯಾರು, ಊರು ಯಾವುದು ಎಂದು ಅವರು ಕೇಳುವುದಿಲ್ಲ. ಟೋಕನ್ ಬೇರೆಯವರ ಕೈಗೆ ಸಿಕ್ಕರೆ ಚಪ್ಪಲಿಯೂ ಅವರದೇ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ಪ್ರೋಗ್ರಾಮರ್ ಫೈರ್‌ಶೀಪ್ ಎಂಬ ಸಣ್ಣ ಸಲಕರಣೆ ಬಿಡುಗಡೆ ಮಾಡಿ ಇದನ್ನೇ ತೋರಿಸಿಕೊಟ್ಟರು. ಕಾಫಿ ಅಂಗಡಿಯ ತೆರೆದ ವೈಫೈಯಲ್ಲಿ ಕುಳಿತು, ಪಕ್ಕದ ಮೇಜಿನವರ ಫೇಸ್‌ಬುಕ್ ಟೋಕನ್ ಹಿಡಿದು, ಅವರ ಖಾತೆಯೊಳಗೆ ಹೋಗುವುದು ಒಂದು ಕ್ಲಿಕ್ಕಿನ ಕೆಲಸ ಎಂದು ಜಗತ್ತಿಗೆ ಗೊತ್ತಾಯಿತು. ದೊಡ್ಡ ತಾಣಗಳು ಪೂರ್ತಿಯಾಗಿ ಗೂಢಲಿಪಿಯ ಸಂಪರ್ಕಕ್ಕೆ ಹೋಗಲು ಈ ಪ್ರದರ್ಶನವೂ ಒಂದು ಕಾರಣ.

ಟೋಕನ್ ವಿಷಯ ಅಷ್ಟು ಸಾಕು. ನನ್ನ ಮಾತು ಹಲಗೆಯ ಮೇಲಿರುವುದರ ಬಗ್ಗೆ.

2000ದ ಮೇ ತಿಂಗಳಲ್ಲಿ ಬಂದ ಪಿಎಚ್‌ಪಿ 4 ಸೆಷನ್ ಸೌಲಭ್ಯವನ್ನು ಭಾಷೆಯೊಳಗೇ ತಂದಿತು. ಅದರ ಹಲಗೆ ಎಂದರೆ ಸರ್ವರ್‌ನ ಡಿಸ್ಕ್. ಪ್ರತಿ ಸಂದರ್ಶಕರಿಗೂ ಒಂದು ಪುಟ್ಟ ಕಡತ. ಕಡತದ ಹೆಸರಿನಲ್ಲೇ ಟೋಕನ್ ಸಂಖ್ಯೆ ಇರುತ್ತದೆ. ಡಿಸ್ಕ್‌ಗೆ ಆಬ್ಜೆಕ್ಟ್ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಹಾಗಾಗಿ ನಾವು ಇಟ್ಟ ಆಬ್ಜೆಕ್ಟ್ ಅನ್ನು ಪಿಎಚ್‌ಪಿ ಬಿಡಿಸಿ, ಒಂದು ಉದ್ದನೆಯ ಸಾಲಾಗಿ ಬರೆದಿಡುತ್ತದೆ. ಇದಕ್ಕೆ ಸೀರಿಯಲೈಸ್ ಮಾಡುವುದು ಎನ್ನುತ್ತಾರೆ. ಮುಂದಿನ ಪುಟಕ್ಕೆ ಆ ಸಾಲನ್ನು ಓದಿ ಮತ್ತೆ ಆಬ್ಜೆಕ್ಟ್ ಕಟ್ಟುತ್ತದೆ.

ಇಲ್ಲಿ ನನಗೆ ನೆನಪಾಗುವುದು ಯಕ್ಷಗಾನದ ಮೇಳ. ಪ್ರತಿ ರಾತ್ರಿ ಹೊಸ ಊರು, ಹೊಸ ಬಯಲು. ಮಂಗಳ ಹಾಡಿದ ಮೇಲೆ ವೇಷ ಕಳಚಿ, ಎದೆಪದಕ, ಭುಜಕೀರ್ತಿ, ಗೆಜ್ಜೆ, ಬಟ್ಟೆ, ಜರಿಪಟ್ಟಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬುತ್ತಾರೆ. ಮರುದಿನ ಸಂಜೆ ಮತ್ತೊಂದೂರಿನ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಪೆಟ್ಟಿಗೆ ತೆರೆದರೆ ಅಲ್ಲಿ ಕರ್ಣ ಇರುವುದಿಲ್ಲ. ಕರ್ಣನ ಬಿಡಿಭಾಗಗಳು ಇರುತ್ತವೆ. ಬಡಗುತಿಟ್ಟಿನ ಮುಂಡಾಸನ್ನಂತೂ ತಲೆಯ ಮೇಲೆ ಸುತ್ತು ಸುತ್ತಾಗಿ ಕಟ್ಟಬೇಕು. ಬಟ್ಟೆ ಪೆಟ್ಟಿಗೆಯಲ್ಲಿ ಬರುತ್ತದೆ, ಕಟ್ಟುವ ವಿದ್ಯೆ ಕಲಾವಿದನ ಕೈಯಲ್ಲಿ ಬರುತ್ತದೆ. ಕಲಾವಿದ ಬಂದಿರದಿದ್ದರೆ ಪೆಟ್ಟಿಗೆ ತೆರೆದು ಪ್ರಯೋಜನವಿಲ್ಲ.

ಸೆಷನ್‌ನಲ್ಲೂ ನಡೆಯುವುದು ಇದೇ. ಪೆಟ್ಟಿಗೆಗೆ ಹೋಗುವುದು ಆಬ್ಜೆಕ್ಟ್‌ನ ಗುಣಗಳು, ಅಂದರೆ ಅದರೊಳಗಿನ ಮಾಹಿತಿ ಮತ್ತು ಅದು ಯಾವ ಕ್ಲಾಸಿನದು ಎಂಬ ಹೆಸರು. ಕೂಡುವ, ಕಳೆಯುವ ವಿದ್ಯೆ ಕ್ಲಾಸಿನ ಕಡತದಲ್ಲಿ ಉಳಿಯುತ್ತದೆ. ಸೆಷನ್ ತೆರೆಯುವ ಹೊತ್ತಿಗೆ ಆ ಕಡತ ಬಂದಿರಬೇಕು. ನನ್ನ ಎರಡನೆಯ ಪುಟದಲ್ಲಿ ಪೆಟ್ಟಿಗೆ ಮೊದಲು ತೆರೆಯಿತು, ಕಲಾವಿದ ಮೂರು ಸಾಲು ತಡವಾಗಿ ಬಂದ. ಅಷ್ಟರಲ್ಲಿ ಪಿಎಚ್‌ಪಿ ಆ ಬಿಡಿಭಾಗಗಳ ಮೇಲೆ 'ಅಪೂರ್ಣ ಕ್ಲಾಸ್' ಎಂಬ ಚೀಟಿ ಅಂಟಿಸಿಯಾಗಿತ್ತು. ಪಿಎಚ್‌ಪಿ 5ರ ನಂತರ ಬೇಕಾದ ಕ್ಲಾಸನ್ನು ತಾನೇ ಹುಡುಕಿ ತರುವ ವ್ಯವಸ್ಥೆ ಬಂದು ಈ ತೊಂದರೆ ಬಹಳ ಕಡಿಮೆಯಾಯಿತು. ಆದರೆ ಕ್ಲಾಸಿನ ಹೆಸರು ಬದಲಿಸಿದರೆ ಅಥವಾ ಕಡತ ಬೇರೆಡೆಗೆ ಸರಿಸಿದರೆ, ನಿನ್ನೆ ಕಟ್ಟಿಟ್ಟ ಸೆಷನ್‌ಗಳು ಇಂದಿಗೂ ಹೀಗೇ ಅಪೂರ್ಣವಾಗಿ ತೆರೆದುಕೊಳ್ಳುತ್ತವೆ. ಹೊಸ ಆವೃತ್ತಿ ಏರಿಸಿದ ದಿನ ಕೆಲವು ಬಳಕೆದಾರರಿಗೆ ಮಾತ್ರ ತಾಣ ಕೆಟ್ಟು, ಉಳಿದವರಿಗೆ ಸರಿಯಿದ್ದರೆ, ಅನುಮಾನಿಸಬೇಕಾದ ಮೊದಲ ಜಾಗ ಇದು.

ಪೆಟ್ಟಿಗೆಗೆ ತುಂಬಲಾಗದ್ದೂ ಮೇಳದಲ್ಲಿದೆ. ಚೆಂಡೆಯನ್ನು ಪೆಟ್ಟಿಗೆಗೆ ಹಾಕಬಹುದು, ನುಡಿಯುತ್ತಿರುವ ಪೆಟ್ಟನ್ನು ಹಾಕಲಾಗದು. ಡೇಟಾಬೇಸ್ ಜೊತೆಗಿನ ಸಂಪರ್ಕ, ತೆರೆದಿಟ್ಟ ಕಡತ, ಇವೆಲ್ಲ ನಡೆಯುತ್ತಿರುವ ಕ್ರಿಯೆಗಳು. ಬುಟ್ಟಿಯ ಆಬ್ಜೆಕ್ಟ್ ಒಳಗೆ ಇಂಥದೊಂದು ಸಂಪರ್ಕ ಸಿಕ್ಕಿಕೊಂಡಿದ್ದರೆ ಹಳೆಯ ಪಿಎಚ್‌ಪಿ ಅದನ್ನು ಸದ್ದಿಲ್ಲದೆ ಸೊನ್ನೆ ಎಂದು ಬರೆದಿಡುತ್ತಿತ್ತು. ಮುಂದಿನ ಪುಟದಲ್ಲಿ ಸಂಪರ್ಕದ ಜಾಗದಲ್ಲಿ ಬರೀ 0 ಸಿಗುತ್ತಿತ್ತು. ಡೇಟಾಬೇಸ್‌ಗೆ ಈಗ ಬಳಸುವ ಪಿಡಿಒ ಎಂಬ ಬಗೆಯ ಸಂಪರ್ಕವಾದರೆ ಕಟ್ಟಿಡುವುದಿಲ್ಲ ಎಂದು ಅಲ್ಲೇ ಪ್ರತಿಭಟಿಸುತ್ತದೆ, ಅದು ಎಷ್ಟೋ ವಾಸಿ. ಮಲಗುವ ಮುನ್ನ ಏನನ್ನು ಕಟ್ಟಿಡಬೇಕು, ಎದ್ದ ಮೇಲೆ ಏನನ್ನು ಹೊಸದಾಗಿ ಜೋಡಿಸಬೇಕು ಎಂದು ಕ್ಲಾಸಿಗೆ ಹೇಳಿಕೊಡಲು ಪಿಎಚ್‌ಪಿಯಲ್ಲಿ 'ಸ್ಲೀಪ್', 'ವೇಕಪ್' ಎಂಬ ಎರಡು ಮೆಥಡ್‌ಗಳಿವೆ. ಜಾವಾದಲ್ಲಿ ಕಟ್ಟಬಾರದ ಗುಣದ ಮುಂದೆ 'ಟ್ರಾನ್ಸಿಯೆಂಟ್' ಎಂದು ಬರೆದರೆ ಸಾಕು.

ಕಟ್ಟಿಟ್ಟ ಸಾಲು ಹೇಗಿರುತ್ತದೆ ಎಂದು ಕನ್ನಡಿಗರು ಒಮ್ಮೆಯಾದರೂ ನೋಡಬೇಕು. ಪಿಎಚ್‌ಪಿ ಆಬ್ಜೆಕ್ಟ್ ಎಂಬುದಕ್ಕೆ ಒಂದು ಅಕ್ಷರದ ಗುರುತು, ಆಮೇಲೆ ಕ್ಲಾಸಿನ ಹೆಸರಿನ ಉದ್ದ, ಆಮೇಲೆ ಹೆಸರು, ಒಳಗಿರುವ ಗುಣಗಳ ಎಣಿಕೆ, ನಂತರ ಒಂದೊಂದೇ ಗುಣ ಬರೆಯುತ್ತದೆ. ಪ್ರತಿ ಪದದ ಮುಂದೆಯೂ ಅದರ ಉದ್ದ ಇರುತ್ತದೆ. ಆ ಉದ್ದ ಅಕ್ಷರದ ಲೆಕ್ಕವಲ್ಲ, ಬೈಟ್‌ಗಳ ಲೆಕ್ಕ. 'ಕನ್ನಡ' ಎಂದು ಇಟ್ಟರೆ ಉದ್ದ 15 ಎಂದು ಬರೆದಿರುತ್ತದೆ. ನಮ್ಮ ಕಣ್ಣಿಗೆ ಮೂರಕ್ಷರ. ಯೂನಿಕೋಡ್‌ನ ಲೆಕ್ಕದಲ್ಲಿ ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ನ, ಡ, ಹೀಗೆ ಐದು. ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಐದು ಮೂರಲಿ ಹದಿನೈದು.

ಓದುವಾಗ ಪಿಎಚ್‌ಪಿ ಈ ಎಣಿಕೆಯನ್ನೇ ನಂಬುತ್ತದೆ. 15 ಎಂದು ಬರೆದಿದ್ದರೆ 15 ಬೈಟ್ ಎಣಿಸಿ, ಅಲ್ಲಿ ಪದ ಮುಗಿಯಿತು ಎಂದುಕೊಳ್ಳುತ್ತದೆ. ಯಾರಾದರೂ ಡೇಟಾಬೇಸ್‌ಗೆ ಕೈಹಾಕಿ ಕಟ್ಟಿಟ್ಟ ಸಾಲಿನೊಳಗೆ 'ಮೈಸೂರು' ಇದ್ದಲ್ಲಿ 'ಮೈಸೂರ' ಮಾಡಿದರೆ, ಅಥವಾ ವರ್ಗಾವಣೆಯ ಗಡಿಬಿಡಿಯಲ್ಲಿ ಒಂದು ಬೈಟ್ ಕಳೆದುಹೋದರೆ, ಇಡೀ ಸಾಲು ಬಿಚ್ಚಿಕೊಳ್ಳುವುದಿಲ್ಲ. ಇಂಗ್ಲಿಷ್‌ನಲ್ಲೇ ಪರೀಕ್ಷೆ ಮಾಡಿದವರಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ. ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಕನ್ನಡ ತಾಣ ಮಾಡುವವರು ಮೊದಲ ದಿನದಿಂದಲೇ ಕನ್ನಡದ ಹೆಸರುಗಳನ್ನೇ ಹಾಕಿ ಪರೀಕ್ಷಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬೈಟ್ ಎಣಿಕೆಯ ಈ ಚಿಕ್ಕ ಸಂಗತಿ 2015ರ ಡಿಸೆಂಬರ್‌ನಲ್ಲಿ ಜಗತ್ತಿನ ಅಸಂಖ್ಯ ತಾಣಗಳನ್ನು ಅಪಾಯಕ್ಕೆ ತಳ್ಳಿತು. ಸೆಷನ್ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಜೂಮ್ಲಾ ಎಂಬುದು ಪಿಎಚ್‌ಪಿಯಲ್ಲಿ ಬರೆದ, ತಾಣ ಕಟ್ಟಲು ಬಳಸುವ ಉಚಿತ ತಂತ್ರಾಂಶ. ಪ್ರತಿ ಬ್ರೌಸರ್ ತಾನು ಇಂಥ ಬ್ರೌಸರ್, ಇಂಥ ಆವೃತ್ತಿ ಎಂದು ಒಂದು ಸಾಲಿನಲ್ಲಿ ಹೇಳಿಕೊಳ್ಳುತ್ತದೆ. ಜೂಮ್ಲಾ ಆ ಸಾಲನ್ನು ಇದ್ದಂತೆಯೇ ಸೆಷನ್‌ನಲ್ಲಿ ಇಡುತ್ತಿತ್ತು, ಸೆಷನ್ ಅನ್ನು ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಉಳಿಸುತ್ತಿತ್ತು. ಬ್ರೌಸರ್ ಹೇಳಿಕೊಳ್ಳುವ ಸಾಲನ್ನು ಯಾರು ಬೇಕಾದರೂ ಬದಲಿಸಬಹುದು. ದಾಳಿಕೋರರು ಆ ಜಾಗದಲ್ಲಿ ಪಿಎಚ್‌ಪಿ ಕಟ್ಟಿಟ್ಟ ಆಬ್ಜೆಕ್ಟ್‌ನಂತೆಯೇ ಕಾಣುವ ಪಠ್ಯ ಬರೆದು, ಕೊನೆಗೆ ಒಂದು ವಿಚಿತ್ರ ಚಿಹ್ನೆ ಸೇರಿಸಿದರು. ಅದು ಯುಟಿಎಫ್-8ರಲ್ಲಿ 4 ಬೈಟ್ ತೆಗೆದುಕೊಳ್ಳುವ ಚಿಹ್ನೆ.

ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್-8 ಬಗೆಗೆ ಒಂದು ಚಿಹ್ನೆಗೆ 3 ಬೈಟ್ ಮಾತ್ರ ಗೊತ್ತಿತ್ತು. ಕನ್ನಡ ಅದರಲ್ಲಿ ಸರಿಯಾಗಿ ಹಿಡಿಯುತ್ತಿತ್ತು. 4 ಬೈಟ್‌ನ ಚಿಹ್ನೆ ಬಂದರೆ, ಕಟ್ಟುನಿಟ್ಟಿನ ವ್ಯವಸ್ಥೆ ಇಲ್ಲದ ಕಡೆ, ಅಲ್ಲಿಂದ ಮುಂದಿನದನ್ನೆಲ್ಲ ಕತ್ತರಿಸಿ ಸುಮ್ಮನಾಗುತ್ತಿತ್ತು. ಕಟ್ಟಿಟ್ಟ ಸಾಲಿನಲ್ಲಿ ಉದ್ದ ಹೆಚ್ಚು ಎಂದು ಬರೆದಿದೆ, ಪಠ್ಯ ಮಾತ್ರ ಗಿಡ್ಡವಾಗಿದೆ. ಮುಂದಿನ ಸಲ ಸೆಷನ್ ತೆರೆದ ಪಿಎಚ್‌ಪಿಗೆ ಲೆಕ್ಕ ತಾಳೆಯಾಗಲಿಲ್ಲ. ಅಲ್ಲಿಗೆ ನಿಲ್ಲಬೇಕಿತ್ತು. ಹಳೆಯ ಪಿಎಚ್‌ಪಿಗಳಲ್ಲಿದ್ದ ದೋಷದಿಂದಾಗಿ ಅದು ನಿಲ್ಲದೆ, ಮುಂದಿನ ಮಾಹಿತಿ ಎಲ್ಲಿ ಶುರುವಾಗುತ್ತದೆ ಎಂದು ಅದೇ ಪಠ್ಯದೊಳಗೆ ಹುಡುಕಿತು. ಸಿಕ್ಕಿದ್ದು ದಾಳಿಕೋರರು ಬರೆದಿಟ್ಟ ಆಬ್ಜೆಕ್ಟ್. ಪಿಎಚ್‌ಪಿ ಅದನ್ನೇ ತಾನು ನಿನ್ನೆ ಕಟ್ಟಿಟ್ಟದ್ದು ಎಂದು ನಂಬಿ ಜೀವ ಕೊಟ್ಟಿತು.

ಜೀವ ಬಂದ ಆಬ್ಜೆಕ್ಟ್ ಕೊನೆಗೊಮ್ಮೆ ಅಳಿಯಬೇಕು. ಅಳಿಯುವಾಗ ಮಾಡಬೇಕಾದ ಕೊನೆಯ ಕೆಲಸವನ್ನು ಪಿಎಚ್‌ಪಿ ತಪ್ಪದೆ ಮಾಡಿಸುತ್ತದೆ. ಜೂಮ್ಲಾದ ಡೇಟಾಬೇಸ್ ಕ್ಲಾಸ್ ಅಳಿಯುವಾಗ ಸಂಪರ್ಕ ಕಡಿಯುತ್ತಿತ್ತು, ಕಡಿಯುವಾಗ ತನ್ನ ಪಟ್ಟಿಯಲ್ಲಿರುವ ಕೆಲಸಗಳನ್ನು ಒಂದೊಂದಾಗಿ ಕರೆಯುತ್ತಿತ್ತು. ಆ ಪಟ್ಟಿ ಆಬ್ಜೆಕ್ಟ್‌ನ ಒಂದು ಗುಣ. ಆ ಗುಣವನ್ನು ಬರೆದವರು ದಾಳಿಕೋರರು. ಕ್ಲಾಸಿನ ಒಂದು ಸಾಲೂ ಬದಲಾಗದೆ, ಪಾಸ್‌ವರ್ಡ್ ಗೊತ್ತಿಲ್ಲದೆ, ಒಂದು ಬ್ರೌಸರ್ ಹೆಸರಿನ ಮೂಲಕ ಸರ್ವರ್ ಅವರ ಕೈಸೇರಿತು. 1.5ರಿಂದ 3.4.5ರವರೆಗಿನ ಆವೃತ್ತಿಗಳೆಲ್ಲ ಇದಕ್ಕೆ ಈಡಾದವು. ಡಿಸೆಂಬರ್ 14ರಂದು ಜೂಮ್ಲಾ 3.4.6 ಬಿಡುಗಡೆ ಮಾಡಿತು. ಅಷ್ಟರಲ್ಲಿ ದಾಳಿ ಶುರುವಾಗಿ ಎರಡು ದಿನವಾಗಿತ್ತು. ಪಿಎಚ್‌ಪಿಯ ದೋಷವನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲೇ ಸರಿಪಡಿಸಿದ್ದರು. ಸರ್ವರ್‌ಗಳಲ್ಲಿ ಹಳೆಯದನ್ನೇ ಓಡಿಸುತ್ತಿದ್ದವರಿಗೆ ಆ ರಕ್ಷಣೆ ಸಿಗಲಿಲ್ಲ.

ಆ ವರ್ಷ ಜಾವಾ ಜಗತ್ತಿಗೂ ಇದೇ ಪೆಟ್ಟು ಬಿತ್ತು. 2015ರ ಜನವರಿಯಲ್ಲಿ ಕ್ರಿಸ್ ಫ್ರೋಹಾಫ್ ಮತ್ತು ಗೇಬ್ರಿಯಲ್ ಲಾರೆನ್ಸ್ ಎಂಬಿಬ್ಬರು ಕ್ಯಾಲಿಫೋರ್ನಿಯಾದ ಭದ್ರತಾ ಸಮಾವೇಶದಲ್ಲಿ, ಎಲ್ಲರೂ ಬಳಸುವ ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಎಂಬ ಗ್ರಂಥಾಲಯದ ಸಾಧು ಕ್ಲಾಸುಗಳನ್ನೇ ಸರಪಳಿಯಾಗಿ ಜೋಡಿಸಿ, ಆ ಗ್ರಂಥಾಲಯ ಇದ್ದು, ಹೊರಗಿನಿಂದ ಬಂದ ಕಟ್ಟಿಟ್ಟ ಆಬ್ಜೆಕ್ಟ್ ಬಿಚ್ಚುವ ಸರ್ವರ್‌ನಲ್ಲಿ ತಮಗೆ ಬೇಕಾದ ಆಜ್ಞೆ ನಡೆಸಬಹುದು ಎಂದು ತೋರಿಸಿದರು. ಆ ವರ್ಷ ನವೆಂಬರ್ ಹೊತ್ತಿಗೆ ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್, ಜೆಂಕಿನ್ಸ್ ಎಂಬ ಜಾವಾ ತಂತ್ರಾಂಶಗಳೆಲ್ಲ ಸಾಲಾಗಿ ಸಿಕ್ಕಿಬಿದ್ದವು. 2017ರಲ್ಲಿ ವೆಬ್ ಭದ್ರತೆಯ ಓವಾಸ್ಪ್ ಸಂಸ್ಥೆ ವೆಬ್‌ನ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ, ಕಟ್ಟಿಟ್ಟದ್ದನ್ನು ನಂಬಿ ಬಿಚ್ಚುವ ಈ ದೋಷಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಸೆಷನ್ ಅನ್ನು ಕಡತದಲ್ಲಿಡುವಂತೆ ಹೊಂದಿಸಿದ, ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್‌ನಲ್ಲಿ ಇದೇ ಜಾತಿಯ ಇನ್ನೊಂದು ರಂಧ್ರ 2020ರಲ್ಲಿ ಕಂಡಿತು.

ಪೈಥಾನ್‌ನ ಜಾಂಗೋ ಚೌಕಟ್ಟನ್ನು ಕಟ್ಟಿದವರು ಮೊದಲೇ ಎಚ್ಚೆತ್ತುಕೊಂಡರು. ಮೊದಮೊದಲು ಜಾಂಗೋ ಸೆಷನ್‌ಗಳನ್ನು ಪಿಕಲ್ ಎಂಬ ವಿಧಾನದಲ್ಲಿ ಕಟ್ಟುತ್ತಿತ್ತು. ಪಿಕಲ್‌ಗೆ ಪೈಥಾನ್‌ನ ಬಹುಪಾಲು ಆಬ್ಜೆಕ್ಟ್‌ಗಳನ್ನು ಕಟ್ಟುವ ಶಕ್ತಿ ಇದೆ, ಬಿಚ್ಚುವಾಗ ಯಾವ ಆಜ್ಞೆಯನ್ನಾದರೂ ನಡೆಸಿಬಿಡುವ ಅಪಾಯವೂ ಇದೆ. 2013ರಲ್ಲಿ ಬಂದ ಜಾಂಗೋ 1.6 ಪಿಕಲ್ ಬದಲಿಗೆ ಜೇಸನ್ ಎಂಬ ಸರಳ ಪಠ್ಯರೂಪವನ್ನು ರೂಢಿ ಮಾಡಿತು. ಹತ್ತು ವರ್ಷ ಕಳೆದು 5.0 ಬಂದಾಗ ಸೆಷನ್‌ನ ಪಿಕಲ್ ಕಟ್ಟುಗನನ್ನು ಪೂರ್ತಿ ಕಿತ್ತುಹಾಕಿತು. ಜೇಸನ್‌ಗೆ ಕ್ಲಾಸ್ ಗೊತ್ತಿಲ್ಲ. ಸಂಖ್ಯೆ, ಪದ, ಹೌದು-ಅಲ್ಲ, ಪಟ್ಟಿ, ಹೆಸರು-ಮೌಲ್ಯದ ಜೋಡಿ, ಹೆಚ್ಚುಕಡಿಮೆ ಇಷ್ಟೇ ಅದರ ಸಂಸಾರ. ದಿನಾಂಕವನ್ನೂ ಪದವಾಗಿ ಬರೆದುಕೊಡಬೇಕು. 7 ಎಂಬ ಸಂಖ್ಯೆಯನ್ನು ಜೋಡಿಯ ಹೆಸರಾಗಿ ಇಟ್ಟರೆ ತಿರುಗಿ ಬರುವಾಗ ಅದು ಪದವಾಗಿರುತ್ತದೆ, ಸಂಖ್ಯೆ 7 ಎಂದು ಹುಡುಕಿದವರಿಗೆ ಸಿಗುವುದಿಲ್ಲ. ಇದರಲ್ಲಿ ಎಡವಿದವರು ಬಹಳ. ಆದರೂ ಈ ಬಡತನವೇ ಇಲ್ಲಿ ರಕ್ಷಣೆ ಎಂದು ನಾನು ನಂಬಿದ್ದೇನೆ. ಜೀವ ಕೊಡಲು ಬಾರದವರ ಕೈಯಲ್ಲಿ ದಾಳಿಕೋರರ ಆಬ್ಜೆಕ್ಟ್‌ಗೆ ಜೀವ ಬರುವುದಿಲ್ಲ. ಮೈಕ್ರೋಸಾಫ್ಟ್ ಕೂಡ ಎಎಸ್‌ಪಿ ಡಾಟ್ ನೆಟ್ ಕೋರ್ ಎಂಬ ತನ್ನ ವೆಬ್ ಚೌಕಟ್ಟು ಮಾಡುವಾಗ ಸೆಷನ್‌ಗೆ ಬೈಟ್, ಸಂಖ್ಯೆ, ಪದ ಇವನ್ನಷ್ಟೇ ಒಪ್ಪುವಂತೆ ಮಾಡಿತು. ಆಬ್ಜೆಕ್ಟ್ ಇಡಬೇಕೆಂದರೆ ನೀವೇ ಜೇಸನ್ ಮಾಡಿ ಇಡಬೇಕು.

ಜಾವಾ ಕಲಿತು ಬಂದವರಿಗೆ ಇನ್ನೊಂದು ಬಲೆ ಇದೆ, ಬೆಂಗಳೂರಿನ ಕಚೇರಿಗಳಲ್ಲಿ ಇದರ ಕಥೆ ಕೇಳದ ಜಾವಾ ಪ್ರೋಗ್ರಾಮರ್ ಕಡಿಮೆ. ಜಾವಾ ಸರ್ವರ್ ಸೆಷನ್ ಅನ್ನು ಸಾಮಾನ್ಯವಾಗಿ ತನ್ನ ನೆನಪಿನಲ್ಲೇ ಇಟ್ಟುಕೊಳ್ಳುತ್ತದೆ. ನೀವು ಇಟ್ಟದ್ದು ನಿಜವಾದ ಆಬ್ಜೆಕ್ಟ್, ತಿರುಗಿ ಸಿಗುವುದೂ ಅದೇ. ಹೊರತೆಗೆದು ಒಳಗಿನ ಒಂದು ಗುಣ ಬದಲಿಸಿದರೆ ಮತ್ತೆ ಇಡಬೇಕಿಲ್ಲ, ಬದಲಾವಣೆ ತಾನಾಗಿ ಉಳಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತದೆ. ತಾಣ ಬೆಳೆದು ಎರಡನೆಯ ಸರ್ವರ್ ಸೇರಿಸಿದ ದಿನ ಆಬ್ಜೆಕ್ಟ್ ಕಟ್ಟಿಕೊಂಡು ಒಂದರಿಂದ ಇನ್ನೊಂದಕ್ಕೆ ಪ್ರಯಾಣ ಮಾಡಬೇಕಾಗುತ್ತದೆ. 'ಸೀರಿಯಲೈಸಬಲ್' ಎಂದು ಘೋಷಿಸದ ಕ್ಲಾಸ್ ಅಲ್ಲೇ ಕೈಯೆತ್ತುತ್ತದೆ. ಘೋಷಿಸಿದ್ದರೂ, ಒಳಗಿನ ಗುಣ ಬದಲಿಸಿ ಮತ್ತೆ ಇಡದಿದ್ದರೆ, ಬದಲಾದದ್ದು ಸರ್ವರ್‌ಗೆ ತಿಳಿಯದೆ ಹೋಗಬಹುದು. ಪಕ್ಕದ ಸರ್ವರ್‌ನಲ್ಲಿ ಹಳೆಯ ನಕಲೇ ಉಳಿಯುತ್ತದೆ. ಗ್ರಾಹಕರು ಪುಸ್ತಕ ಸೇರಿಸುತ್ತಾರೆ, ಮುಂದಿನ ಪುಟದಲ್ಲಿ ಇರುವುದಿಲ್ಲ, ಮತ್ತೊಮ್ಮೆ ನೋಡಿದರೆ ಇರುತ್ತದೆ. ಜಾಂಗೋದಲ್ಲಿಯೂ ಪಟ್ಟಿಯೊಳಗಿನ ಪಟ್ಟಿ ಬದಲಿಸಿದರೆ ಸೆಷನ್ ಬದಲಾಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಇಂಥ ತಪ್ಪುಗಳನ್ನು ಬೆನ್ನಟ್ಟುವುದು ಬಹಳ ಕಷ್ಟ. ಹಾಗಾಗಿ ಸೆಷನ್‌ನಿಂದ ತೆಗೆದದ್ದು ಯಾವಾಗಲೂ ನಕಲು ಎಂದೇ ಭಾವಿಸಿ, ಬದಲಿಸಿದ ಮೇಲೆ ಕಡ್ಡಾಯವಾಗಿ ತಿರುಗಿ ಇಡುವುದನ್ನು ಮೊದಲಿನಿಂದ ರೂಢಿ ಮಾಡಿಕೊಳ್ಳಿ ಎಂದು ಹೊಸಬರಿಗೆ ಹೇಳುತ್ತೇನೆ.

ಸೆಷನ್ ಅನ್ನು ಪೂರ್ತಿ ಕುಕಿಯಲ್ಲೇ ಕಳಿಸುವವರೂ ಇದ್ದಾರೆ. ರೂಬಿಯ ರೈಲ್ಸ್ ಚೌಕಟ್ಟು 2007ರ 2.0 ಆವೃತ್ತಿಯಿಂದ ಇದನ್ನೇ ರೂಢಿ ಮಾಡಿತು, ಪೈಥಾನ್‌ನ ಫ್ಲಾಸ್ಕ್ ಕೂಡ. ತಿದ್ದಿದರೆ ಗೊತ್ತಾಗುವಂತೆ ಸಹಿ ಹಾಕಿ ಕಳಿಸುತ್ತಾರೆ. ಆದರೆ ಒಂದು ಕುಕಿಯಲ್ಲಿ ಸುಮಾರು 4096 ಬೈಟ್ ಮಾತ್ರ ಹಿಡಿಯುತ್ತದೆ. ಕನ್ನಡವನ್ನು ಕುಕಿಗೆ ಒಗ್ಗುವಂತೆ ಶೇಕಡಾ ಚಿಹ್ನೆಯ ರೂಪಕ್ಕೆ ತಿರುಗಿಸಿದರೆ ಒಂದು ಚಿಹ್ನೆಗೆ 9 ಬೈಟ್ ಬೇಕು. 455 ಚಿಹ್ನೆಗೆ ಕುಕಿ ತುಂಬಿತು. ಅಲ್ಲದೆ ಫ್ಲಾಸ್ಕ್‌ನ ಸಹಿ ತಿದ್ದುವುದನ್ನು ತಡೆಯುತ್ತದೆಯೇ ಹೊರತು ಓದುವುದನ್ನು ತಡೆಯುವುದಿಲ್ಲ.

ಭದ್ರತೆ, ಬೈಟ್ ಲೆಕ್ಕ ಎಲ್ಲ ಸರಿಯಿದ್ದರೂ ಉಳಿಯುವ ತೊಂದರೆ ಒಂದಿದೆ. ನನ್ನ ಬುಟ್ಟಿ ಮಾತಾಡತೊಡಗಿದ ಕೆಲವು ತಿಂಗಳ ಮೇಲೆ ಪ್ರಕಾಶಕರಿಂದ ಫೋನ್ ಬಂತು. ಮರುಮುದ್ರಣಕ್ಕೆ ಬೆಲೆ ಏರಿಸಿದ್ದಾರೆ, ತಾಣದ ಪುಟದಲ್ಲಿ ಹೊಸ ಬೆಲೆಯೇ ಇದೆ, ಆದರೂ ಹಳೆಯ ಬೆಲೆಗೆ ಆರ್ಡರ್ ಬಂದಿದೆ. ಬುಟ್ಟಿಯಲ್ಲಿ ನಾನು ಇಟ್ಟಿದ್ದು ಇಡೀ ಪುಸ್ತಕದ ಆಬ್ಜೆಕ್ಟ್. ಹೆಸರು, ಲೇಖಕರು, ಬೆಲೆ ಎಲ್ಲದರ ಸಮೇತ. ಡೇಟಾಬೇಸ್‌ನಲ್ಲಿ ಬೆಲೆ ಬದಲಾದದ್ದು ಪೆಟ್ಟಿಗೆಯೊಳಗಿನ ನಕಲಿಗೆ ಹೇಗೆ ಗೊತ್ತಾಗಬೇಕು? ನೂರಾರು ರೂಪಾಯಿಯ ನಷ್ಟ, ಪ್ರಕಾಶಕರು ದೊಡ್ಡ ಮನಸ್ಸು ಮಾಡಿ ಆ ಬೆಲೆಗೇ ಕಳಿಸಿಕೊಟ್ಟರು. ಬೆಲೆಯ ಬದಲು ಅಧಿಕಾರ ಎಂದು ಯೋಚಿಸಿ. ಒಬ್ಬರು ಲಾಗಿನ್ ಆದಾಗ ಅವರು ಮೇಲಧಿಕಾರಿ. ಇಡೀ ಬಳಕೆದಾರ ಆಬ್ಜೆಕ್ಟ್ ಸೆಷನ್‌ನಲ್ಲಿ ಕುಳಿತಿದೆ. ಮಧ್ಯಾಹ್ನ ಅವರ ಅಧಿಕಾರ ತೆಗೆದರು. ಸೆಷನ್ ಬದುಕಿರುವ ತನಕ ತಾಣದ ಪಾಲಿಗೆ ಅವರು ಮೇಲಧಿಕಾರಿಯೇ. ಜಾಂಗೋದಲ್ಲಿ ಸೆಷನ್‌ನ ಸಹಜ ಆಯುಷ್ಯ ಎರಡು ವಾರ.

ಆಯುಷ್ಯದ ಮಾತು ಬಂದಿತು. ಟಾಮ್‌ಕ್ಯಾಟ್ 30 ನಿಮಿಷ ಕಾಯುತ್ತದೆ, ಮೈಕ್ರೋಸಾಫ್ಟ್‌ನ ಹಳೆಯ ಎಎಸ್‌ಪಿ 20 ನಿಮಿಷ ಕಾಯುತ್ತಿತ್ತು. ಪಿಎಚ್‌ಪಿಯ ಲೆಕ್ಕ 1440 ಸೆಕೆಂಡ್, ಅಂದರೆ 24 ನಿಮಿಷ. ಇವೆಲ್ಲ ಯಾರೋ ಎಂದೋ ಇಟ್ಟ ಅಂಕಿ, ಬದಲಿಸಬಹುದಾದ ಅಂಕಿ. ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಯಲ್ಲಿ ಕುಳಿತು, ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ ಪ್ರಮಾಣಪತ್ರದ ಸಂಖ್ಯೆ ಹುಡುಕುತ್ತಿರುವ ತಂದೆಗೆ 24 ನಿಮಿಷ ಸಾಲುವುದಿಲ್ಲ. ಕೊನೆಯ ಪುಟ ಒತ್ತಿದಾಗ 'ಸೆಷನ್ ಮುಗಿದಿದೆ' ಎಂದು ಬಂದರೆ ಅವರು ತುಂಬಿದ ಐದು ಪುಟ ಪೂರ್ತಿ ಹೋಯಿತು. ಜನರು ತುಂಬುವ ಅರ್ಜಿಯನ್ನು ಸೆಷನ್‌ನಲ್ಲಿ ಇಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪುಟ ಪುಟಕ್ಕೂ ಡೇಟಾಬೇಸ್‌ನಲ್ಲಿ ಕರಡು ಎಂದು ಉಳಿಸಿ, ಸೆಷನ್‌ನಲ್ಲಿ ಆ ಕರಡಿನ ಸಂಖ್ಯೆ ಇಟ್ಟರೆ ಸಾಕು. ಸೆಷನ್ ಹೋದರೂ ಅರ್ಜಿ ಉಳಿಯುತ್ತದೆ, ಮತ್ತೆ ಲಾಗಿನ್ ಆದವರು ಬಿಟ್ಟಲ್ಲಿಂದ ಮುಂದುವರಿಸಬಹುದು.

ಬುಟ್ಟಿಯನ್ನು ನಾನು ಹೊಸದಾಗಿ ಬರೆದೆ. ಕ್ಲಾಸ್ ಹಾಗೇ ಇದೆ, ಸೇರಿಸುವ, ತೆಗೆಯುವ, ಕೂಡುವ ವಿದ್ಯೆಯೂ ಅದರಲ್ಲೇ ಇದೆ. ಆದರೆ ಪುಟ ಮುಗಿಯುವಾಗ ಸೆಷನ್‌ಗೆ ಹೋಗುವುದು ಒಂದು ಸಾದಾ ಪಟ್ಟಿ. ಪುಸ್ತಕದ ಸಂಖ್ಯೆ, ಎಷ್ಟು ಪ್ರತಿ. ಮುಂದಿನ ಪುಟದಲ್ಲಿ ಆ ಪಟ್ಟಿ ನೋಡಿ ಬುಟ್ಟಿಯನ್ನು ಹೊಸದಾಗಿ ಕಟ್ಟುತ್ತೇನೆ, ಹೆಸರು, ಬೆಲೆಯನ್ನು ಡೇಟಾಬೇಸ್‌ನಿಂದ ಆಗಲೇ ಓದಿಕೊಳ್ಳುತ್ತೇನೆ. ಪ್ರತಿ ಪುಟಕ್ಕೂ ಒಂದು ಪ್ರಶ್ನೆ ಹೆಚ್ಚು ಕೇಳಿದಂತಾಯಿತು ಎಂದು ಕೆಲವರು ಆಕ್ಷೇಪಿಸುತ್ತಾರೆ. ಸಂಖ್ಯೆಯಿಂದ ಹುಡುಕುವ ಪ್ರಶ್ನೆಗೆ ಡೇಟಾಬೇಸ್ ತೆಗೆದುಕೊಳ್ಳುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಲಾಗಿನ್ ಆದವರ ವಿಷಯದಲ್ಲೂ ಅಷ್ಟೇ. ಸೆಷನ್‌ನಲ್ಲಿ ಅವರ ಸಂಖ್ಯೆ ಮಾತ್ರ, ಅವರಿಗೆ ಏನು ಅಧಿಕಾರ ಇದೆ ಎಂಬುದನ್ನು ಪ್ರತಿ ಸಲವೂ ಡೇಟಾಬೇಸ್‌ಗೆ ಕೇಳುವುದು.

ವೆಬ್ ಪ್ರೋಗ್ರಾಂ ಬರೆಯುವ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ತಾಣ ಉಳಿಸುವ ಸೆಷನ್ ಕಡತವೊಂದನ್ನು, ಅಥವಾ ಡೇಟಾಬೇಸ್‌ನಲ್ಲಿ ಅದರ ಒಂದು ಸಾಲನ್ನು, ನಾಳೆ ಕಚೇರಿಗೆ ಹೋದಾಗ ತೆರೆದು ಕಣ್ಣಾರೆ ಓದಿ. ಅದರೊಳಗೆ ಕ್ಲಾಸಿನ ಹೆಸರು ಕಂಡರೆ ಅದು ಅಲ್ಲಿಗೆ ಏಕೆ ಬಂತು ಎಂದು ಹುಡುಕಿ. ಬೆಲೆಯೋ ಅಧಿಕಾರವೋ ಕಂಡರೆ ಅದೇ ವಾರ ತೆಗೆದುಹಾಕಿ.